ಪಾಡ್‌ಕಾಸ್ಟ್ ಬರಹ: ಬೇರೆ ರಕ್ತದ ಗುಂಪಿನ ಹೃದಯವನ್ನು ಹಸುಗೂಸಿನ ದೇಹ ಒಪ್ಪಿಕೊಂಡಿದ್ದು ಹೇಗೆ?

(ನಮ್ಮ ಆರೋಗ್ಯ–ವಿಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)



ನಿಮ್ಮ ರಕ್ತದ ಗುಂಪು ಯಾವುದು? ಬಹಳಷ್ಟು ಜನರಿಗೆ ಇದು ಬಾಯಿಪಾಠ. ಶಾಲೆಯ ಐಡಿ ಕಾರ್ಡಲ್ಲಿ ಇರುತ್ತೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇರುತ್ತೆ. ಊರಲ್ಲಿ ಯಾರಿಗಾದರೂ ಆಪರೇಷನ್ ಅಂದ ತಕ್ಷಣ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೊದಲು ಓಡಾಡೋದೇ ಈ ಪ್ರಶ್ನೆ: ‘ಒ ಪಾಸಿಟಿವ್ ಯಾರಾದ್ರೂ ಇದ್ದೀರಾ?’ ಯಾಕೆಂದರೆ ಗುಂಪು ತಪ್ಪಿದರೆ ಜೀವಕ್ಕೇ ಅಪಾಯ ಅನ್ನೋದು ನಮಗೆಲ್ಲ ಗೊತ್ತು. ರಕ್ತಕ್ಕೆ ಇರುವ ಈ ನಿಯಮ ಅಂಗಾಂಗ ಕಸಿಗೂ ಇದೆ. ‘ಎ’ ಗುಂಪಿನವರ ಹೃದಯವನ್ನು ‘ಒ’ ಗುಂಪಿನವರಿಗೆ ಜೋಡಿಸಬಾರದು. ಜೋಡಿಸಿದರೆ ಕೆಲವೇ ನಿಮಿಷ, ಇಲ್ಲವೇ ಕೆಲವೇ ಗಂಟೆಗಳಲ್ಲಿ ಆ ಹೃದಯ ಕೆಟ್ಟುಹೋಗಬಹುದು.

ಆದರೆ ಈ ಕಟ್ಟುನಿಟ್ಟಿನ ನಿಯಮಕ್ಕೂ ಒಂದು ವಯಸ್ಸಿನಲ್ಲಿ ವಿನಾಯಿತಿ ಇದೆ ಅಂದರೆ ನಂಬ್ತೀರಾ? ಆ ವಯಸ್ಸು ಹಸುಗೂಸಿನದ್ದು. ಕೆನಡಾದ ಟೊರಾಂಟೊ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ 1996ರಲ್ಲಿ ಶುರುವಾದ ಒಂದು ಪ್ರಯತ್ನ ಇದನ್ನು ತೋರಿಸಿಕೊಟ್ಟಿತು. ಹೃದಯಕ್ಕಾಗಿ ಕಾಯುತ್ತಾ ಕಾಯುತ್ತಾ ತೀರಿಕೊಳ್ಳುತ್ತಿದ್ದ ಎಷ್ಟೋ ಕೂಸುಗಳ ಪಾಲಿಗೆ ಅದು ಹೊಸ ದಾರಿಯಾಯಿತು. ಇವತ್ತಿನ ಸಂಚಿಕೆಯಲ್ಲಿ ಆ ಕಥೆ ಏನು, ಅದರ ಹಿಂದಿನ ವಿಜ್ಞಾನ ಏನು, ಮತ್ತು ನಮ್ಮಲ್ಲಿ ಮಗುವಿನ ಹೃದಯದ ಬಗ್ಗೆ ಅಪ್ಪ–ಅಮ್ಮ ಏನು ತಿಳಿದಿರಬೇಕು ಅನ್ನೋದನ್ನು ನೋಡೋಣ.

ಎಳೆಮಗುವಿಗೆ ಹೃದಯ ಕಸಿ ಯಾಕೆ ಬೇಕಾಗುತ್ತೆ?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಹುಟ್ಟುವಾಗಲೇ ಹೃದಯದಲ್ಲಿ ಏನಾದರೂ ದೋಷ ಇರೋದು ಅಪರೂಪವೇನಲ್ಲ. ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಗುವಿಗೆ ಇಂಥ ದೋಷ ಇರುತ್ತೆ. ಆದರೆ ಅವರಲ್ಲಿ ಬಹುಪಾಲು ಮಕ್ಕಳಿಗೆ ಕಸಿಯ ಅಗತ್ಯವೇ ಬರುವುದಿಲ್ಲ. ಹೃದಯದ ಗೋಡೆಯಲ್ಲಿರುವ ಸಣ್ಣ ತೂತು ಎಷ್ಟೋ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಮುಚ್ಚದಿದ್ದರೆ ತೊಡೆಯ ರಕ್ತನಾಳದ ಮೂಲಕ ಸಣ್ಣ ಸಾಧನ ಕಳಿಸಿ ಮುಚ್ಚಬಹುದು, ಇಲ್ಲವೇ ಆಪರೇಷನ್ ಮಾಡಿ ಸರಿಪಡಿಸಬಹುದು. ಹಾಗಾಗಿ ‘ಮಗುವಿನ ಹೃದಯದಲ್ಲಿ ತೂತಿದೆ’ ಅಂತ ಡಾಕ್ಟರು ಹೇಳಿದ ಕೂಡಲೇ ಎಲ್ಲ ಮುಗಿದೇಹೋಯಿತು ಅಂತ ಕಂಗಾಲಾಗಬೇಕಿಲ್ಲ.

ಕಸಿಯ ಮಾತು ಬರೋದು ಎರಡು ಸಂದರ್ಭಗಳಲ್ಲಿ. ಒಂದು, ಹೃದಯದ ರಚನೆಯೇ ತುಂಬಾ ಕೆಟ್ಟಿದ್ದಾಗ. ಉದಾಹರಣೆಗೆ, ಕೆಲವು ಮಕ್ಕಳಲ್ಲಿ ಹೃದಯದ ಎಡಭಾಗ ಬೆಳೆದೇ ಇರುವುದಿಲ್ಲ. ಇಡೀ ಮೈಗೆ ರಕ್ತ ತಳ್ಳಬೇಕಾದದ್ದೇ ಆ ಎಡಭಾಗ. ತಾಯಿಯ ಹೊಟ್ಟೆಯಲ್ಲಿ ಇರುವಷ್ಟು ಕಾಲ ಹೇಗೋ ನಡೆಯುತ್ತೆ, ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ಕುಸಿಯತೊಡಗುತ್ತೆ. ಇಂಥ ಮಕ್ಕಳಿಗೆ ಹಂತಹಂತವಾಗಿ ಮೂರು ಆಪರೇಷನ್ ಮಾಡುವ ದಾರಿಯೂ ಇದೆ. ಅದು ಆಗದಿದ್ದಾಗ ಅಥವಾ ಫಲಿಸದಿದ್ದಾಗ ಕಸಿಯೇ ಉಳಿಯುವ ಆಯ್ಕೆ.

ಎರಡನೆಯದು, ರಚನೆ ಸರಿಯಾಗಿದ್ದರೂ ಹೃದಯದ ಸ್ನಾಯು ಸೋತುಹೋಗುವುದು. ಇದನ್ನು ಕಾರ್ಡಿಯೊಮಯೋಪತಿ ಅಂತಾರೆ. ವಂಶವಾಹಿಯ ದೋಷದಿಂದ ಬರಬಹುದು, ವೈರಸ್ ಸೋಂಕಿನ ನಂತರ ಬರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಔಷಧಿಯಿಂದ ಕೆಲವು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಹೃದಯ ದಿನೇದಿನೇ ಊದಿಕೊಂಡು, ಬಲ ಕಳೆದುಕೊಳ್ಳುತ್ತಾ ಹೋಗುತ್ತೆ.

ಹೃದಯ ಸಿಗೋದು ಯಾಕೆ ಅಷ್ಟು ಕಷ್ಟ?

ದೊಡ್ಡವರಿಗೇ ಹೃದಯ ಸಿಗೋದು ಕಷ್ಟ, ಕೂಸುಗಳಿಗೆ ಇನ್ನೂ ಕಷ್ಟ. ಮೊದಲನೇ ಅಡ್ಡಿ ಅಳತೆ. ನವಜಾತ ಶಿಶುವಿನ ಹೃದಯ ಅದರ ಮುಷ್ಟಿಯಷ್ಟೇ ಇರುತ್ತೆ. ದೊಡ್ಡವರ ಹೃದಯ ಅದರ ಎದೆಗೂಡಿನಲ್ಲಿ ಕೂರುವುದೇ ಇಲ್ಲ. ಹೀಗಾಗಿ ಕೊಡುವವರೂ ಒಂದು ಪುಟ್ಟ ಮಗುವೇ ಆಗಿರಬೇಕು. ಅಂದರೆ, ಎಲ್ಲೋ ಒಂದು ಮನೆಯಲ್ಲಿ ಇನ್ನೊಂದು ಮಗುವಿನ ಮಿದುಳು ಸಂಪೂರ್ಣ ನಿಷ್ಕ್ರಿಯವಾಗಿರಬೇಕು, ಆ ಮನೆಯವರು ಆ ದುಃಖದ ನಡುವೆಯೂ ದಾನಕ್ಕೆ ಒಪ್ಪಬೇಕು. ಈ ಮಾತು ಹೇಳೋದಕ್ಕೂ ಕಷ್ಟ, ಕೇಳೋದಕ್ಕೂ ಕಷ್ಟ. ಆದರೆ ಇದನ್ನು ಮರೆತು ಮುಂದಿನ ಕಥೆ ಹೇಳಲು ಆಗುವುದಿಲ್ಲ.

ಎರಡನೇ ಅಡ್ಡಿ ಸಮಯ. ಹೃದಯವನ್ನು ಹೊರತೆಗೆದು, ಐಸ್ ಪೆಟ್ಟಿಗೆಯಲ್ಲಿ ಇಟ್ಟು ಸಾಗಿಸುವುದಾದರೆ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ದೇಹದಲ್ಲಿ ಅದು ಮಿಡಿಯಬೇಕು. ನಮ್ಮ ಊರುಗಳಲ್ಲಿ ಪೊಲೀಸರು ‘ಗ್ರೀನ್ ಕಾರಿಡಾರ್’ ಮಾಡಿ ಆಂಬುಲೆನ್ಸ್‌ಗೆ ದಾರಿ ಬಿಡಿಸೋದು ಇದೇ ಕಾರಣಕ್ಕೆ.

ಮೂರನೇ ಅಡ್ಡಿಯೇ ರಕ್ತದ ಗುಂಪು. ಅಳತೆ ಹೊಂದುವ ಹೃದಯ ಸಿಕ್ಕರೂ ಗುಂಪು ಹೊಂದದಿದ್ದರೆ ಅದು ಈ ಮಗುವಿಗೆ ಇಲ್ಲ. ಇದರಲ್ಲಿ ಅತಿ ಹೆಚ್ಚು ಕಷ್ಟ ‘ಒ’ ಗುಂಪಿನ ಮಕ್ಕಳಿಗೆ. ಅವರ ಹೃದಯ ಎಲ್ಲರಿಗೂ ಆಗುತ್ತೆ, ಅವರಿಗೆ ಮಾತ್ರ ‘ಒ’ ಗುಂಪಿನದ್ದೇ ಆಗಬೇಕು. ಹಾಗಾಗಿ ಒಂದು ಕಡೆ ಮಗು ಕಾಯುತ್ತಾ ಕಾಯುತ್ತಾ ತೀರಿಕೊಳ್ಳುತ್ತಿತ್ತು. ಇನ್ನೊಂದು ಕಡೆ, ದಾನವಾಗಿ ಬಂದ ಪುಟ್ಟ ಹೃದಯ ಗುಂಪು ಹೊಂದುವ ಮಗು ಹತ್ತಿರದಲ್ಲಿ ಇಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಸಲ್ಲದೆ ಹೋಗುತ್ತಿತ್ತು.

ಅದಕ್ಕೂ ಮೊದಲಿನ ದಾರಿ

ಟೊರಾಂಟೊಗೆ ಹೋಗುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗೋಣ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಜಗತ್ತಿನ ಮೊದಲ ಮಾನವ ಹೃದಯ ಕಸಿ ಮಾಡಿದ್ದು 1967ರ ಡಿಸೆಂಬರ್ 3ರಂದು. ಇದು ಬಹಳ ಜನರಿಗೆ ಗೊತ್ತು. ಅದಾದ ಮೂರೇ ದಿನಕ್ಕೆ, ಡಿಸೆಂಬರ್ 6ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಡಾ. ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಅವರು ಮೂರು ವಾರವೂ ತುಂಬದ ಒಂದು ಕೂಸಿಗೆ ಹೃದಯ ಕಸಿ ಮಾಡಿದರು ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆ ಮಗು ಬದುಕಿದ್ದು ಕೆಲವೇ ಗಂಟೆ.

ಮುಂದೆ 1984ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಡಾ. ಲಿಯೊನಾರ್ಡ್ ಬೈಲಿ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ‘ಬೇಬಿ ಫೇ’ ಅಂತ ಜಗತ್ತು ಕರೆದ, ಹೃದಯದ ಎಡಭಾಗ ಬೆಳೆಯದ ಒಂದು ಹೆಣ್ಣುಮಗುವಿಗೆ ಬಬೂನ್ ಕೋತಿಯ ಹೃದಯ ಜೋಡಿಸಿದರು. ಮಗು ಸುಮಾರು ಮೂರು ವಾರ ಬದುಕಿತು. ‘ಇದು ಚಿಕಿತ್ಸೆಯೋ, ಮಗುವಿನ ಮೇಲೆ ಮಾಡಿದ ಪ್ರಯೋಗವೋ?’ ಅಂತ ದೊಡ್ಡ ಗದ್ದಲವೇ ಎದ್ದಿತು. ಆ ಮಗುವಿನ ರಕ್ತದ ಗುಂಪು ‘ಒ’, ಕೋತಿಯದ್ದು ‘ಎಬಿ’. ಬೇರೆ ಪ್ರಾಣಿಯ ಹೃದಯ ಅನ್ನೋದರ ಜೊತೆಗೆ ಗುಂಪಿನ ವ್ಯತ್ಯಾಸವೂ ಸೇರಿಕೊಂಡಿತ್ತು.

ಮರುವರ್ಷ, ಅಂದರೆ 1985ರ ನವೆಂಬರ್‌ನಲ್ಲಿ, ಅದೇ ಬೈಲಿ ಅವರು ನಾಲ್ಕು ದಿನದ ಕೂಸಿಗೆ ಇನ್ನೊಂದು ಮಗುವಿನ ಹೃದಯ ಕಸಿ ಮಾಡಿ ಯಶಸ್ವಿಯಾದರು. ದೇಹದ ಪ್ರತಿರೋಧ ತಗ್ಗಿಸುವ ಸೈಕ್ಲೋಸ್ಪೊರಿನ್ ಎಂಬ ಔಷಧಿ ಆ ಹೊತ್ತಿಗೆ ಬಳಕೆಗೆ ಬಂದಿತ್ತು. ಕೂಸುಗಳಿಗೂ ಹೃದಯ ಕಸಿ ಮಾಡಬಹುದು ಅನ್ನೋದು ಸಾಬೀತಾಯಿತು. ಆದರೆ ಹೃದಯ ಎಲ್ಲಿಂದ ತರೋದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಕಾವಲುನಾಯಿ ಮತ್ತು ನಾಯಿಮರಿ

ಈಗ ವಿಜ್ಞಾನದ ಮಾತಿಗೆ ಬರೋಣ. ರಕ್ತದ ಗುಂಪು ಅಂದರೆ ನಿಜವಾಗಿ ಏನು? ನಮ್ಮ ಕೆಂಪು ರಕ್ತಕಣಗಳ ಮೇಲ್ಮೈಯಲ್ಲಿ ಸಕ್ಕರೆಯ ಅಣುಗಳಿಂದಾದ ಗುರುತುಗಳು ಇರುತ್ತವೆ. ಕೆಲವರಿಗೆ ‘ಎ’ ಗುರುತು, ಕೆಲವರಿಗೆ ‘ಬಿ’, ಕೆಲವರಿಗೆ ಎರಡೂ. ಎರಡೂ ಇಲ್ಲದವರು ‘ಒ’. ಇದನ್ನು ಕಂಡುಹಿಡಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮುಖ್ಯ ವಿಷಯ ಏನಪ್ಪಾ ಅಂದ್ರೆ, ಈ ಗುರುತುಗಳು ರಕ್ತಕಣಗಳ ಮೇಲೆ ಮಾತ್ರ ಇರುವುದಿಲ್ಲ. ಹೃದಯ, ಮೂತ್ರಪಿಂಡದಂತಹ ಅಂಗಗಳ ರಕ್ತನಾಳಗಳ ಒಳಗೋಡೆಯಲ್ಲೂ ಇರುತ್ತವೆ.

ನಮ್ಮಲ್ಲಿ ಇಲ್ಲದ ಗುರುತಿನ ವಿರುದ್ಧ ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಇರುತ್ತವೆ. ‘ಎ’ ಗುಂಪಿನವರಲ್ಲಿ ‘ಬಿ’ ವಿರೋಧಿ, ‘ಬಿ’ ಗುಂಪಿನವರಲ್ಲಿ ‘ಎ’ ವಿರೋಧಿ, ‘ಒ’ ಗುಂಪಿನವರಲ್ಲಿ ಎರಡರ ವಿರೋಧಿಗಳೂ. ಮನೆ ಬಾಗಿಲಲ್ಲಿ ಕಟ್ಟಿದ ಕಾವಲುನಾಯಿ ಇದ್ದ ಹಾಗೆ, ಅಪರಿಚಿತರು ಕಂಡರೆ ಮೇಲೆ ಬೀಳುತ್ತವೆ. ಗುಂಪು ಹೊಂದದ ಹೃದಯ ಜೋಡಿಸಿ ರಕ್ತ ಹರಿಯಲು ಬಿಟ್ಟ ಕೂಡಲೇ ಈ ಪ್ರತಿಕಾಯಗಳು ಅದರ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಹೊಸ ಹೃದಯ ಕಪ್ಪಿಟ್ಟು ನಿಂತುಹೋಗುತ್ತೆ.

ಸರಿ, ಒಂದು ಪ್ರಶ್ನೆ. ನಾವು ಯಾವತ್ತೂ ಬೇರೆಯವರ ರಕ್ತ ಪಡೆಯದಿದ್ದರೂ ಈ ಪ್ರತಿಕಾಯಗಳು ನಮ್ಮಲ್ಲಿ ಎಲ್ಲಿಂದ ಬಂದವು? ಉತ್ತರ ಇರೋದು ಹೊಟ್ಟೆಯಲ್ಲಿ. ನಮ್ಮ ಕರುಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಮೈಮೇಲೂ ‘ಎ’, ‘ಬಿ’ ಗುರುತುಗಳನ್ನು ಹೋಲುವ ಸಕ್ಕರೆ ಅಣುಗಳಿವೆ. ಅವನ್ನು ನೋಡಿ ನೋಡಿ ನಮ್ಮ ರೋಗನಿರೋಧಕ ವ್ಯವಸ್ಥೆ ಪ್ರತಿಕಾಯ ತಯಾರಿಸಲು ಕಲಿಯುತ್ತೆ.

ಹಾಗಾದರೆ ಆಗತಾನೇ ಹುಟ್ಟಿದ ಕೂಸಿನಲ್ಲಿ? ಅಲ್ಲಿ ಈ ಪಾಠ ಇನ್ನೂ ಶುರುವಾಗಿರುವುದೇ ಇಲ್ಲ! ತಾಯಿಯಿಂದ ಬಂದ ಒಂದಿಷ್ಟು ಪ್ರತಿಕಾಯಗಳು ಇರಬಹುದು, ಅವು ಕೆಲವು ತಿಂಗಳಲ್ಲಿ ಕರಗಿಹೋಗುತ್ತವೆ. ಮಗು ಸ್ವಂತವಾಗಿ ತಯಾರಿಸೋದು ಕೆಲವು ತಿಂಗಳಾದ ಮೇಲೆ, ಅದೂ ನಿಧಾನವಾಗಿ. ಅಂದರೆ, ಕಾವಲುನಾಯಿ ಇನ್ನೂ ಮರಿಯಾಗಿರುವ ಒಂದು ಅವಧಿ ಇದೆ. ಆ ಅವಧಿಯಲ್ಲಿ ಬೇರೆ ಗುಂಪಿನ ಹೃದಯ ಜೋಡಿಸಿದರೆ ಏನಾಗುತ್ತೆ? ಟೊರಾಂಟೊದ ‘ಹಾಸ್ಪಿಟಲ್ ಫಾರ್ ಸಿಕ್ ಚಿಲ್ಡ್ರನ್’ನ ಡಾ. ಲೋರಿ ವೆಸ್ಟ್ ಮತ್ತು ಅವರ ತಂಡ ಎತ್ತಿಕೊಂಡಿದ್ದು ಇದೇ ಪ್ರಶ್ನೆಯನ್ನು.

ಆಪರೇಷನ್ ಕೋಣೆಯಲ್ಲಿ ಮಾಡಿದ್ದೇನು?

ಪ್ರಶ್ನೆ ಸರಳ. ಆದರೆ ಅದನ್ನು ಮಗುವಿನ ಮೇಲೆ ಪರೀಕ್ಷಿಸೋದು ಸರಳವಲ್ಲ. ದೊಡ್ಡವರಲ್ಲಿ ಅಕಸ್ಮಾತ್ ಗುಂಪು ತಪ್ಪಿದಾಗ ಏನೇನು ಅನಾಹುತ ಆಗಿತ್ತು ಅನ್ನೋದು ಎಲ್ಲ ವೈದ್ಯರಿಗೂ ಗೊತ್ತಿತ್ತು. ಹಾಗಿದ್ದೂ ಈ ತಂಡ ಮುಂದಡಿ ಇಟ್ಟಿತು, ಯಾಕೆಂದರೆ ಸುಮ್ಮನೆ ಕಾಯುವುದೂ ಅಪಾಯವೇ ಆಗಿತ್ತು. ವೈದ್ಯಕೀಯ ಸಂಶೋಧನೆಯಲ್ಲಿ ಇದನ್ನು ಗಮನಿಸಬೇಕು. ‘ಏನೂ ಮಾಡದೆ ಇರೋದು’ ಅನ್ನೋದು ಯಾವಾಗಲೂ ಸುರಕ್ಷಿತ ಆಯ್ಕೆ ಅಲ್ಲ.

ಅವರು ಮಾಡಿದ್ದು ಹೀಗೆ. ಮೊದಲು ಮಗುವಿನ ರಕ್ತದಲ್ಲಿ ‘ಎ’ ಮತ್ತು ‘ಬಿ’ ವಿರೋಧಿ ಪ್ರತಿಕಾಯಗಳು ಎಷ್ಟಿವೆ ಅಂತ ಅಳೆದರು. ಹೃದಯದ ಆಪರೇಷನ್ ಮಾಡುವಾಗ ಹೇಗೂ ರಕ್ತವನ್ನು ಹಾರ್ಟ್–ಲಂಗ್ ಮಷೀನ್ ಮೂಲಕ ಹರಿಸಬೇಕಾಗುತ್ತೆ. ಆ ಹೊತ್ತಿನಲ್ಲೇ ಮಗುವಿನ ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವಭಾಗವನ್ನು, ಬದಲಾಯಿಸಿದರು. ಅಲ್ಪಸ್ವಲ್ಪ ಇದ್ದ ಪ್ರತಿಕಾಯಗಳೂ ಅದರೊಂದಿಗೆ ಹೊರಹೋದವು. ಕೂಸಿನ ಮೈಯಲ್ಲಿ ಇರೋದೇ ಸ್ವಲ್ಪ ರಕ್ತ, ಹಾಗಾಗಿ ಇದು ಸಾಧ್ಯ. ಪ್ರತಿಕಾಯ ತೆಗೆಯಲು ಬೇರೆ ಯಾವ ವಿಧಾನವನ್ನೂ ಬಳಸಲಿಲ್ಲ. ಆಮೇಲೆ ಎಲ್ಲ ಕಸಿ ರೋಗಿಗಳಿಗೂ ಕೊಡುವ ಮಾಮೂಲಿ ಔಷಧಿಗಳನ್ನೇ ಕೊಟ್ಟರು.

ರಕ್ತ ಕೊಡುವಾಗಲೂ ಎಚ್ಚರ ಬೇಕು. ಉದಾಹರಣೆಗೆ, ‘ಒ’ ಗುಂಪಿನ ಮಗುವಿಗೆ ‘ಎ’ ಗುಂಪಿನ ಹೃದಯ ಜೋಡಿಸಿದ್ದೀರಿ ಅಂತಿಟ್ಟುಕೊಳ್ಳಿ. ಆ ಮಗುವಿಗೆ ಕೆಂಪು ರಕ್ತಕಣ ಬೇಕಾದರೆ ‘ಒ’ ಗುಂಪಿನದ್ದೇ ಕೊಡಬೇಕು. ಆದರೆ ಪ್ಲಾಸ್ಮಾ ಬೇಕಾದರೆ ‘ಒ’ ಗುಂಪಿನದ್ದು ಕೊಡುವಂತಿಲ್ಲ, ಅದರಲ್ಲಿ ‘ಎ’ ವಿರೋಧಿ ಪ್ರತಿಕಾಯ ಇರುತ್ತೆ, ಹೊಸ ಹೃದಯಕ್ಕೆ ಪೆಟ್ಟು ಬೀಳುತ್ತೆ. ‘ಎ’ ಅಥವಾ ‘ಎಬಿ’ ಗುಂಪಿನ ಪ್ಲಾಸ್ಮಾ ಕೊಡಬೇಕು. ಒಂದೇ ಮಗು, ಕಣಕ್ಕೆ ಒಂದು ಗುಂಪು, ಪ್ಲಾಸ್ಮಾಕ್ಕೆ ಇನ್ನೊಂದು ಗುಂಪು. ಆಪರೇಷನ್ ಎಷ್ಟೇ ಚೆನ್ನಾಗಿ ನಡೆದರೂ ಬ್ಲಡ್ ಬ್ಯಾಂಕಿನವರು ಒಂದು ಚೀಲ ತಪ್ಪಿ ಕೊಟ್ಟರೆ ಎಲ್ಲವೂ ಹಾಳು.

ಹತ್ತು ಮಕ್ಕಳು, ಎರಡು ಅಂಕಿಗಳು

1996ರಿಂದ 2000ದವರೆಗೆ ಹತ್ತು ಮಕ್ಕಳಿಗೆ ಹೀಗೆ ಬೇರೆ ಗುಂಪಿನ ಹೃದಯ ಕಸಿಯಾಯಿತು. ಅತಿ ಚಿಕ್ಕ ಮಗುವಿನ ವಯಸ್ಸು ಎಷ್ಟು ಗೊತ್ತಾ? ನಾಲ್ಕು ಗಂಟೆ! ಅತಿ ದೊಡ್ಡ ಮಗುವಿಗೆ 14 ತಿಂಗಳು. ಫಲಿತಾಂಶ 2001ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಎಂಟು ಮಕ್ಕಳು ಬದುಕಿದ್ದರು. ತೀರಿಕೊಂಡ ಎರಡು ಮಕ್ಕಳ ಸಾವಿಗೆ ಗುಂಪಿನ ವ್ಯತ್ಯಾಸ ಕಾರಣವಲ್ಲ ಅನ್ನೋದು ವೈದ್ಯರ ತೀರ್ಮಾನ. ಎಲ್ಲರೂ ಹೆದರಿದ್ದ, ನಿಮಿಷಗಳಲ್ಲಿ ಹೃದಯ ಕೆಡುವ ಆ ತೀವ್ರ ಪ್ರತಿರೋಧ ಒಂದು ಮಗುವಿನಲ್ಲೂ ಕಾಣಿಸಲಿಲ್ಲ. ಮುಂದೆ ಇಬ್ಬರು ಮಕ್ಕಳಲ್ಲಿ ದಾನಿಯ ಗುಂಪಿನ ವಿರುದ್ಧ ಪ್ರತಿಕಾಯ ಹುಟ್ಟಿಕೊಂಡಿತಾದರೂ ಹೃದಯಕ್ಕೆ ಹಾನಿಯಾಗಲಿಲ್ಲ.

ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ಬೇರೆ ಗುಂಪಿನ ಹೃದಯವನ್ನೂ ಸ್ವೀಕರಿಸಲು ಶುರುಮಾಡಿದ ಮೇಲೆ, ಆ ಆಸ್ಪತ್ರೆಯ ಪಟ್ಟಿಯಲ್ಲಿ ಹೃದಯಕ್ಕಾಗಿ ಕಾಯುತ್ತಲೇ ಸಾಯುವ ಕೂಸುಗಳ ಪ್ರಮಾಣ ಶೇ 58ರಿಂದ ಶೇ 7ಕ್ಕೆ ಇಳಿಯಿತು. ಅಂದರೆ, ಮೊದಲು ಕಾಯುತ್ತಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಕೋಣೆಯವರೆಗೆ ತಲುಪುತ್ತಲೇ ಇರಲಿಲ್ಲ.

ಹತ್ತೇ ಮಕ್ಕಳ ಅಧ್ಯಯನ ನಂಬೋದು ಹೇಗೆ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಹೊಸ ಔಷಧಿಯನ್ನು ಪರೀಕ್ಷಿಸುವಾಗ ಸಾವಿರಾರು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಕೊಟ್ಟು ಹೋಲಿಸುತ್ತಾರೆ. ಇಲ್ಲಿ ಹಾಗೆ ಮಾಡಲು ಬರುವಂತಿರಲಿಲ್ಲ. ಅಷ್ಟು ಮಕ್ಕಳೂ ಇಲ್ಲ, ‘ನೀನು ಕಾಯುತ್ತಿರು’ ಅಂತ ಅರ್ಧ ಮಕ್ಕಳಿಗೆ ಹೇಳುವುದೂ ನ್ಯಾಯವಲ್ಲ. ಹಾಗಾಗಿ ಈ ಸಣ್ಣ ಅಧ್ಯಯನವನ್ನು ಕೊನೆಯ ಮಾತು ಅಂತ ಯಾರೂ ತೆಗೆದುಕೊಳ್ಳಲಿಲ್ಲ. ಬ್ರಿಟನ್, ಅಮೆರಿಕದ ಆಸ್ಪತ್ರೆಗಳೂ ಇದನ್ನು ಅನುಸರಿಸಿದವು. ಗುಂಪು ಹೊಂದಿದ ಮಕ್ಕಳಷ್ಟೇ ಗುಂಪು ಹೊಂದದ ಹೃದಯ ಪಡೆದ ಕೂಸುಗಳೂ ಚೆನ್ನಾಗಿದ್ದಾರೆ ಅನ್ನೋದು ಹಲವು ಕಡೆಯ ದಾಖಲೆಗಳಿಂದ ಗಟ್ಟಿಯಾದ ಮೇಲೆ ಇದು ಮಾಮೂಲಿ ಚಿಕಿತ್ಸೆಯ ಭಾಗವಾಯಿತು.

ಯಾರೂ ನಿರೀಕ್ಷಿಸದ ಇನ್ನೊಂದು ಸಂಗತಿ

ಕಥೆ ಇಲ್ಲಿಗೇ ಮುಗಿಯಲಿಲ್ಲ. ಕೂಸು ಬೆಳೆಯುತ್ತೆ. ಕರುಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ನಾಯಿಮರಿ ಕಾವಲುನಾಯಿ ಆಗುತ್ತೆ. ಆಗ ಆ ಹೃದಯದ ಗತಿ ಏನು?

2004ರಲ್ಲಿ ಇದೇ ತಂಡ ‘ನೇಚರ್ ಮೆಡಿಸಿನ್’ ನಿಯತಕಾಲಿಕದಲ್ಲಿ ಇದಕ್ಕೆ ಉತ್ತರ ಪ್ರಕಟಿಸಿತು. ಬೆಳೆದ ಮಕ್ಕಳ ರೋಗನಿರೋಧಕ ವ್ಯವಸ್ಥೆ ದಾನಿಯ ಗುಂಪಿನ ಗುರುತನ್ನು ‘ನಮ್ಮದೇ’ ಅಂತ ಒಪ್ಪಿಕೊಂಡಿತ್ತು. ‘ಒ’ ಗುಂಪಿನ ಮಗುವಿಗೆ ‘ಎ’ ಹೃದಯ ಹಾಕಿದ್ದರೆ, ಬೆಳೆದ ಮೇಲೆ ಆ ಮಗುವಿನಲ್ಲಿ ‘ಬಿ’ ವಿರೋಧಿ ಪ್ರತಿಕಾಯ ಎಂದಿನಂತೆ ಹುಟ್ಟುತ್ತಿತ್ತು, ‘ಎ’ ವಿರೋಧಿ ಮಾತ್ರ ಹುಟ್ಟುತ್ತಿರಲಿಲ್ಲ. ಮರಿಯಾಗಿದ್ದಾಗಲೇ ಮನೆಗೆ ಬಂದವರನ್ನು ನಾಯಿ ದೊಡ್ಡದಾದ ಮೇಲೂ ಮನೆಯವರೆಂದೇ ತಿಳಿಯುತ್ತೆ ಅಲ್ವಾ, ಹಾಗೆ.

ಎಳೆ ವಯಸ್ಸಿನಲ್ಲಿ ಪರಿಚಯವಾದದ್ದನ್ನು ದೇಹ ಸಹಿಸಿಕೊಳ್ಳುತ್ತೆ ಅನ್ನೋದನ್ನು ಪೀಟರ್ ಮೆಡಾವರ್ ಮತ್ತು ಸಂಗಡಿಗರು 1953ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂದದ್ದು ಇದೇ ಕೆಲಸಕ್ಕೆ. ಇಲಿಯಲ್ಲಿ ಕಂಡ ಆ ಸತ್ಯ ಸುಮಾರು ಅರ್ಧ ಶತಮಾನದ ನಂತರ ಮನುಷ್ಯರ ಮಕ್ಕಳಲ್ಲೂ ಕಾಣಿಸಿಕೊಂಡಿತ್ತು.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ದೇಹ ಒಪ್ಪಿಕೊಂಡಿದ್ದು ರಕ್ತದ ಗುಂಪಿನ ಗುರುತನ್ನು ಮಾತ್ರ. ಜೀವಕೋಶಗಳ ಮೇಲೆ ಬೇರೆ ಗುರುತುಗಳೂ ಇವೆ. ಅವುಗಳ ವಿರುದ್ಧ ಪ್ರತಿರೋಧ ಇದ್ದೇ ಇರುತ್ತೆ. ಹಾಗಾಗಿ ಈ ಮಕ್ಕಳೂ ಜೀವನಪೂರ್ತಿ ಔಷಧಿ ತೆಗೆದುಕೊಳ್ಳಲೇಬೇಕು.

ಕಾಯುವಷ್ಟು ದಿನ ಮಗುವನ್ನು ಉಳಿಸಿಕೊಳ್ಳೋದು ಹೇಗೆ?

ಗುಂಪಿನ ಅಡ್ಡಿ ಸಡಿಲವಾದರೂ ಅಳತೆಯ ಅಡ್ಡಿ ಹಾಗೇ ಇದೆ. ಹೃದಯ ಸಿಗುವವರೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ಆ ಅವಧಿ ದಾಟಿಸಲು ಮಕ್ಕಳಿಗೆಂದೇ ಮಾಡಿದ ಒಂದು ಪಂಪ್ ಇದೆ, ಹೆಸರು ‘ಬರ್ಲಿನ್ ಹಾರ್ಟ್’. ಮೈಹೊರಗೆ ಇರುವ ಈ ಪಂಪ್ ಕೊಳವೆಗಳ ಮೂಲಕ ಹೃದಯದ ಕೆಲಸಕ್ಕೆ ಹೆಗಲು ಕೊಡುತ್ತೆ. ಅಮೆರಿಕದಲ್ಲಿ ಇದಕ್ಕೆ 2011ರಲ್ಲಿ ಅನುಮತಿ ಸಿಕ್ಕಿತು. 48 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಅಲ್ಲಿವರೆಗೆ ಬಳಸುತ್ತಿದ್ದ ಇಕ್ಮೊ ಯಂತ್ರಕ್ಕಿಂತ ಬಹಳ ಹೆಚ್ಚು ಕಾಲ ಇದು ಮಕ್ಕಳನ್ನು ಉಳಿಸಿತು. ಇಕ್ಮೊ ಮೇಲಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡು ವಾರವೂ ದಾಟುತ್ತಿರಲಿಲ್ಲ. ಈ ಪಂಪ್ ಇದ್ದವರು ತಿಂಗಳುಗಟ್ಟಲೆ ಕಾಯಲು ಸಾಧ್ಯವಾಯಿತು.

ಆದರೆ ಅದೇ ಅಧ್ಯಯನ ಇನ್ನೊಂದು ಸತ್ಯವನ್ನೂ ಮುಚ್ಚಿಡದೆ ಹೇಳಿತು. ಶೇ 29ರಷ್ಟು ಮಕ್ಕಳಿಗೆ ಪಾರ್ಶ್ವವಾಯು, ಅಂದರೆ ಸ್ಟ್ರೋಕ್ ಆಗಿತ್ತು. ಪಂಪ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯ ಅದು. ಅಪ್ಪ–ಅಮ್ಮನ ಮುಂದೆ ವೈದ್ಯರು ಇಡೋದು ಇಂಥ ಆಯ್ಕೆಗಳನ್ನೇ. ‘ಇದರಿಂದ ಬದುಕುವ ಸಾಧ್ಯತೆ ಹೆಚ್ಚು, ಆದರೆ ಈ ಅಪಾಯ ಇದೆ’ ಅಂತ. ಒಳ್ಳೆಯ ಸಂಶೋಧನೆ ಆ ಅಪಾಯದ ಅಳತೆಯನ್ನು ಹೇಳುತ್ತೆ. ತೀರ್ಮಾನದ ಭಾರ ಮಾತ್ರ ಮನೆಯವರ ಮೇಲೇ ಉಳಿಯುತ್ತೆ.

ಕಸಿ ಆದ ಮೇಲೆ ಎಲ್ಲ ಮುಗಿಯಿತಾ?

ಇಲ್ಲ. ಕಸಿ ಅಂದರೆ ರೋಗ ವಾಸಿಯಾದಂತೆ ಅಲ್ಲ, ಒಂದು ದೊಡ್ಡ ರೋಗದ ಜಾಗಕ್ಕೆ ನಿಭಾಯಿಸಬಹುದಾದ ಇನ್ನೊಂದು ಸ್ಥಿತಿ ಬಂದಂತೆ. ಪ್ರತಿದಿನ, ಅದೇ ಹೊತ್ತಿಗೆ, ತಪ್ಪದೆ ಮಾತ್ರೆ. ಸೋಂಕು ತಗುಲದಂತೆ ಎಚ್ಚರ. ಮತ್ತೆ ಮತ್ತೆ ತಪಾಸಣೆ. ವರ್ಷಗಳು ಕಳೆದಂತೆ ಹೊಸ ಹೃದಯದ ರಕ್ತನಾಳಗಳೂ ಕಿರಿದಾಗಬಹುದು. ಪ್ರತಿರೋಧ ತಗ್ಗಿಸುವ ಔಷಧಿಗಳಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಹೀಗಿದ್ದೂ ಒಂದು ಸಮಾಧಾನ ಇದೆ. ಮೊದಲ ವರ್ಷದೊಳಗೆ ಕಸಿಯಾದ ಮಕ್ಕಳೇ ಎಲ್ಲರಿಗಿಂತ ದೀರ್ಘಕಾಲ ಬದುಕುತ್ತಾರೆ. ಅಂತರರಾಷ್ಟ್ರೀಯ ದಾಖಲೆಗಳ ಪ್ರಕಾರ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಸಿಯ ನಂತರ 20 ವರ್ಷ ದಾಟಿದ್ದಾರೆ. ಹದಿಹರೆಯದಲ್ಲಿ ಕಸಿಯಾದವರಲ್ಲಿ ಈ ಅವಧಿ ಕಡಿಮೆ. ಆ ವಯಸ್ಸಲ್ಲಿ ಮಾತ್ರೆ ತಪ್ಪಿಸೋದೂ ಇದಕ್ಕೆ ಒಂದು ಕಾರಣ.

ಯಾವ ಮಾತ್ರೆ ಮಕ್ಕಳಿಗೆ ಹೆಚ್ಚು ಸೂಕ್ತ ಅನ್ನೋದಕ್ಕೂ ಬಹಳ ಕಾಲ ಮಕ್ಕಳದ್ದೇ ಆದ ಗಟ್ಟಿ ಪುರಾವೆ ಇರಲಿಲ್ಲ. ದೊಡ್ಡವರ ಅಧ್ಯಯನ ನೋಡಿ, ತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸಿ ಕೊಡುತ್ತಿದ್ದರು. ‘ಟೀಮ್‌ಮೇಟ್’ ಹೆಸರಿನ ಅಧ್ಯಯನ ಈ ಕೊರತೆ ನೀಗಿಸಲು 2018ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 25 ಆಸ್ಪತ್ರೆಗಳು, 211 ಮಕ್ಕಳು. ಒಂದು ಗುಂಪಿಗೆ ಬಳಕೆಯಲ್ಲಿರುವ ಔಷಧಿಗಳ ಜೋಡಿ, ಇನ್ನೊಂದಕ್ಕೆ ಎವರೊಲಿಮಸ್ ಇರುವ ಜೋಡಿ. ಮುಖ್ಯ ಅಳತೆಯಲ್ಲಿ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಹೊಸ ಜೋಡಿ ಸುರಕ್ಷಿತ ಅನ್ನೋದು ಖಚಿತವಾಯಿತು. ಕೇಳಲು ಇದು ಸಪ್ಪೆ ಸುದ್ದಿ ಅನಿಸಬಹುದು. ಆದರೆ ವೈದ್ಯರಿಗೆ ಆಯ್ಕೆ ಹೆಚ್ಚಾಯಿತು, ಅಂದಾಜಿನ ಜಾಗಕ್ಕೆ ಪುರಾವೆ ಬಂತು.

ಇನ್ನೊಂದು ಹೊಸ ದಾರಿಯನ್ನೂ ಹೇಳಲೇಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 2022ರಲ್ಲಿ ಒಂದು ನವಜಾತ ಶಿಶುವಿಗೆ ಇಡೀ ಹೃದಯದ ಬದಲು, ಕವಾಟಗಳಿರುವ ಭಾಗವನ್ನಷ್ಟೇ ಜೀವಂತವಾಗಿ ಕಸಿ ಮಾಡಿದರು. ಇದರ ಲಾಭ ಏನು ಅಂದರೆ, ಕೃತಕ ಕವಾಟ ಬೆಳೆಯುವುದಿಲ್ಲ, ಮಗು ಬೆಳೆದಂತೆ ಮತ್ತೆ ಮತ್ತೆ ಆಪರೇಷನ್ ಮಾಡಿ ಬದಲಿಸಬೇಕು. ಜೀವಂತ ಕವಾಟ ಮಗುವಿನ ಜೊತೆಗೇ ಬೆಳೆಯಿತು. ಸ್ನಾಯು ದುರ್ಬಲವಾಗಿ ಇಡೀ ಹೃದಯ ಕಸಿಗೆ ಬರದಿದ್ದರೂ ಅದರ ಕವಾಟ ಬಳಕೆಗೆ ಬರುತ್ತೆ. ಹಾಗಾಗಿ ಒಂದು ದಾನ ಇನ್ನಷ್ಟು ಮಕ್ಕಳಿಗೆ ಉಪಯೋಗವಾಗಬಹುದು.

ನಾವು ತಿಳಿದಿರಬೇಕಾದದ್ದು

ಭಾರತದಲ್ಲಿ ಅಂಗಾಂಗ ಕಸಿ ಕಾಯ್ದೆ ಬಂದಿದ್ದು 1994ರಲ್ಲಿ. ಅದೇ ವರ್ಷ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ನೇತೃತ್ವದಲ್ಲಿ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆಯಿತು. ಮಿದುಳು ನಿಷ್ಕ್ರಿಯವಾಗಿದೆ ಅಂತ ಘೋಷಿಸಲು ಕಾಯ್ದೆಯಡಿ ವೈದ್ಯರ ಮಂಡಳಿ ಇರಬೇಕು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. 18 ವರ್ಷದೊಳಗಿನವರಾದರೆ ತಂದೆ ಅಥವಾ ತಾಯಿ ಒಪ್ಪಿಗೆ ಕೊಡಬಹುದು. ಕರ್ನಾಟಕದಲ್ಲಿ ಈ ಕೆಲಸವನ್ನು ಸಮನ್ವಯ ಮಾಡೋದು ‘ಜೀವಸಾರ್ಥಕತೆ’ ಸಂಸ್ಥೆ. ನೋಂದಾಯಿಸಿಕೊಂಡರೆ ಸಾಲದು, ಮನೆಯವರಿಗೂ ನಿಮ್ಮ ಇಚ್ಛೆ ಹೇಳಿಟ್ಟಿರಿ. ಆ ಗಳಿಗೆಯಲ್ಲಿ ಆಸ್ಪತ್ರೆಯವರು ಕೇಳೋದು ಅವರನ್ನೇ.

ಇನ್ನು, ಎಳೆ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಹಾಲು ಕುಡಿಯುವಾಗ ಮಗು ಹಣೆ ತುಂಬಾ ಬೆವರುತ್ತಾ? ಎರಡು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತಾ? ಉಸಿರು ಜೋರಾಗಿ ಎಳೆಯುತ್ತಾ? ತುಟಿ, ನಾಲಿಗೆ ನೀಲಿಯಾಗುತ್ತಾ? ತೂಕವೇ ಏರುತ್ತಿಲ್ಲವಾ? ‘ಹಲ್ಲು ಬರೋ ಹೊತ್ತು’, ‘ದೃಷ್ಟಿ ತಾಗಿದೆ’ ಅಂತ ಸುಮ್ಮನಿರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ತುಟಿ ನೀಲಿಯಾಗಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಹುಟ್ಟಿದ ಮಗುವಿನ ಕೈ–ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಚ್ಚಿ ಆಮ್ಲಜನಕದ ಮಟ್ಟ ನೋಡುವ ಸರಳ ಪರೀಕ್ಷೆಯಿಂದಲೂ ಕೆಲವು ಗಂಭೀರ ದೋಷಗಳು ಬೇಗ ಗೊತ್ತಾಗುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ಬರುವ ವೈದ್ಯರ ತಂಡ ಹುಟ್ಟಿನಿಂದ ಬಂದ ಹೃದಯದೋಷವನ್ನೂ ತಪಾಸಣೆ ಮಾಡುತ್ತೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಬೇಗ ಗೊತ್ತಾದ ದೋಷಗಳಲ್ಲಿ ಹೆಚ್ಚಿನವು ಕಸಿಯವರೆಗೆ ಹೋಗುವುದೇ ಇಲ್ಲ.

ಕೊನೆಗೆ ಒಂದು ಮಾತು. ಈ ಸಂಚಿಕೆಯಲ್ಲಿ ವೈದ್ಯರ ಹೆಸರು ಹೇಳಿದೆವು, ಅಂಕಿಅಂಶ ಹೇಳಿದೆವು. ಆದರೆ ಟೊರಾಂಟೊದ ಆ ಹತ್ತು ಪುಟ್ಟ ಹೃದಯಗಳೂ ಯಾರದೋ ಮನೆಯ ಮಕ್ಕಳವು. ಹೃದಯ ಕೊಟ್ಟ ಆ ಹತ್ತು ಮನೆಯವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಅವರು ಅಂದು ಒಪ್ಪದೇ ಇದ್ದಿದ್ದರೆ ಎಂಥ ಒಳ್ಳೆಯ ಪ್ರಶ್ನೆಗೂ ಉತ್ತರ ಸಿಗುತ್ತಿರಲಿಲ್ಲ.

ಈ ವಿಷಯದ ಬಗ್ಗೆ ನಿಮ್ಮ ಪ್ರಶ್ನೆಗಳಿದ್ದರೆ ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ಎತ್ತಿಕೊಳ್ತೀವಿ. ನಿಮ್ಮ ಮಗುವಿನ ಚಿಕಿತ್ಸೆಯ ತೀರ್ಮಾನವನ್ನು ಮಾತ್ರ ನಿಮ್ಮ ವೈದ್ಯರ ಜೊತೆ ಕೂತು ಮಾತಾಡಿಯೇ ಮಾಡಿ.